ರೊಟ್ಟಿ ತಟ್ಟುವ ತೋಳಿಗೂ ತಾಲೀಮು ಬೇಕು

"ಬೆಳಗ್ಗೆ ಎದ್ದರೆ ಇಪ್ಪತ್ತೈದು ರೊಟ್ಟಿ ತಟ್ಟುತ್ತೇನೆ, ನಲ್ಲಿ ಬಂದ ದಿನ ಮಾಳಿಗೆಯವರೆಗೆ ನೀರು ಹೊರುತ್ತೇನೆ. ನನಗೆ ಇನ್ನೆಲ್ಲಿಯ ವ್ಯಾಯಾಮ?" ಎಂದು ನಮ್ಮ ಓಣಿಯ ವೈನಿ (ಅತ್ತಿಗೆ) ಕೇಳಿದಾಗ ನನಗೆ ಚಟ್ಟನೆ ಉತ್ತರ ಹೊಳೆಯಲಿಲ್ಲ. ಪ್ರಶ್ನೆ ನ್ಯಾಯವಾದದ್ದೇ. ಕಲಬುರಗಿಯಂಥ ಊರಿನಲ್ಲಿ ಮನೆ ನಡೆಸುವ ಹೆಂಗಸಿಗೆ "ಸ್ವಲ್ಪ ಮೈ ಬಗ್ಗಿಸಿ" ಎಂದು ಹೇಳುವುದು ಉದ್ಧಟತನದಂತೆ ಕೇಳಿಸುತ್ತದೆ.

ಅದೇ ವಾರ ಅವರ ಮನೆಗೆ ಗ್ಯಾಸ್ ಸಿಲಿಂಡರ್ ಬಂತು. ಒಳಗಿನ ಗ್ಯಾಸ್ 14.2 ಕಿಲೊ, ಕಬ್ಬಿಣದ ತೂಕವೂ ಸೇರಿ ಹತ್ತಿರ ಹತ್ತಿರ 30 ಕಿಲೊ. ವೈನಿ ಅದನ್ನು ಬಾಗಿಲಿನಿಂದ ಅಡುಗೆಮನೆಗೆ ಓರೆ ಮಾಡಿಕೊಂಡು ಉರುಳಿಸಿದರು, ಹೊಸ್ತಿಲು ದಾಟಿಸಲು ಒಮ್ಮೆ ಎತ್ತಿದರು. ಆಮೇಲೆ ಮೂರು ದಿನ ಸೊಂಟಕ್ಕೆ ಮುಲಾಮು. ನನ್ನ ಉತ್ತರ ಆ ಹೊಸ್ತಿಲಲ್ಲೇ ಇತ್ತು. ದಿನವಿಡೀ ದುಡಿದ ಮೈ ದಣಿಯುತ್ತದೆ, ನಿಜ. ದಣಿದ ಮಾತ್ರಕ್ಕೆ ಅದು ಬಲಗೊಳ್ಳಬೇಕೆಂದಿಲ್ಲ.

ಸ್ನಾಯು ಬಲಗೊಳ್ಳುವುದು ಅದರ ಮೇಲಿನ ಭಾರ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿದಾಗ. ಇಪ್ಪತ್ತು ವರ್ಷದಿಂದ ತಟ್ಟುತ್ತಿರುವ ರೊಟ್ಟಿಯ ತೂಕ ಇವತ್ತೂ ಅಷ್ಟೇ. ಜೊತೆಗೆ, ಕಸ ಗುಡಿಸುವುದು, ಹಿಟ್ಟು ನಾದುವುದು, ಬಟ್ಟೆ ಒಗೆಯುವುದು, ಪಾತ್ರೆ ತೊಳೆಯುವುದು ಎಲ್ಲವೂ ಮುಂದಕ್ಕೆ ಬಾಗಿ ಮಾಡುವ ಕೆಲಸ. ಹಿಂದಕ್ಕೆ ಎಳೆಯುವ, ನೆಟ್ಟಗೆ ನಿಲ್ಲಿಸುವ, ನೆಲದಿಂದ ಎಬ್ಬಿಸುವ ಸ್ನಾಯುಗಳಿಗೆ ಅಲ್ಲಿ ಪಾಲು ಕಡಿಮೆ. ಇತ್ತ ಮೂವತ್ತು ದಾಟಿದ ಮೇಲೆ, ಏನೂ ಮಾಡದಿದ್ದರೆ, ಸ್ನಾಯು ನಿಧಾನವಾಗಿ ಕರಗುತ್ತಲೇ ಹೋಗುತ್ತದೆ. ಮುಟ್ಟು ನಿಂತ ಬಳಿಕ ಮೂಳೆಯೂ ಸವೆಯುತ್ತದೆ.

ನಮ್ಮ ಅಜ್ಜಿಯಂದಿರ ಕೆಲಸದಲ್ಲಿ ಹೆಚ್ಚು ಬಗೆಗಳಿದ್ದವು. ಬಾವಿಯ ಹಗ್ಗ ಎಳೆಯುತ್ತಿದ್ದರು, ಒನಕೆ ತಲೆಯ ಮೇಲಕ್ಕೆ ಎತ್ತುತ್ತಿದ್ದರು, ಬೀಸುವ ಕಲ್ಲು ತಿರುಗಿಸುತ್ತಿದ್ದರು. ಮೋಟಾರು, ಮಿಕ್ಸಿ, ಗಿರಣಿ ಬಂದು ಆ ಕೆಲಸಗಳು ಹೋದವು. ಹೋದದ್ದು ಒಳ್ಳೆಯದೇ, ಅಜ್ಜಿಯ ಬೆನ್ನು ಹೇಗೆ ಬಾಗಿತ್ತೆಂದು ಕಂಡವರು ಬೀಸುವ ಕಲ್ಲನ್ನು ಮತ್ತೆ ತನ್ನಿ ಎನ್ನಲಾರರು. ಆದರೆ ಅದರ ಜಾಗಕ್ಕೆ ಬೇರೇನೂ ಬರಲಿಲ್ಲ. ನಮ್ಮ ಕಡೆಯ ಊರುಗಳಲ್ಲಿ ಗಂಡಸರಿಗೆ ತಾಲೀಮು ಮನೆ ಇತ್ತು, ದಂಡ (ಕೈಯೂರಿ ಮೈ ಇಳಿಸಿ ಎತ್ತುವುದು), ಬೈಠಕ್ (ಕೂತು ಏಳುವುದು) ಇತ್ತು. ಅವನ್ನೇ ಈಗ ಪಡಸಾಲೆಗೆ ತರೋಣ ಎಂಬುದಷ್ಟೇ ನನ್ನ ಸಲಹೆ. ವಾರಕ್ಕೆ ಮೂರು ದಿನ, ಇಪ್ಪತ್ತೈದು ನಿಮಿಷ.

ಶುರು ಮಾಡುವ ಮುನ್ನ

ಹತ್ತಿರದ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ, ಸಕ್ಕರೆ, ಹಿಮೋಗ್ಲೋಬಿನ್ ಮೂರನ್ನು ನೋಡಿಸಿಕೊಳ್ಳಿ. ಮೂರನೆಯದನ್ನು ನಾವು ಹೆಂಗಸರು ಸುಲಭವಾಗಿ ಮರೆಯುತ್ತೇವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಗರ್ಭಿಣಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ ಡೆಸಿಲೀಟರಿಗೆ 12 ಗ್ರಾಂಗಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ನಾಲ್ಕು ಮೆಟ್ಟಿಲಿಗೆ ಏದುಸಿರು ಬಂದರೆ ಅದನ್ನು ಸೋಮಾರಿತನ ಎಂದು ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ; ರಕ್ತ ಕಡಿಮೆ ಇರಬಹುದು. ಅದಕ್ಕೆ ಮೊದಲು ಔಷಧಿ, ಬೈಠಕ್ ಆಮೇಲೆ.

ಎದೆ ನೋವು, ತಲೆ ಸುತ್ತು, ಹೃದಯದ ತೊಂದರೆ, ಇತ್ತೀಚಿನ ಶಸ್ತ್ರಚಿಕಿತ್ಸೆ, ಸ್ಲಿಪ್ ಡಿಸ್ಕ್ ಇದ್ದವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ಈ ಲೇಖನ ಹಿಡಿದು ಶುರು ಮಾಡಬಾರದು. ಹೆರಿಗೆಯಾದವರು ಆರು ವಾರದ ತಪಾಸಣೆ ಮುಗಿಸಿಕೊಂಡು ಬನ್ನಿ. ಸಿಸೇರಿಯನ್ ಆಗಿದ್ದರೆ ವೈದ್ಯರು ಹೇಳಿದಷ್ಟು ದಿನ ಕಾಯಿರಿ. ಹೊಲಿಗೆ ಮೇಲೆ ಒಣಗಿದರೂ ಒಳಗೆ ಇನ್ನೂ ಕೂಡಿಕೊಳ್ಳುತ್ತಿರುತ್ತದೆ.

ಮನೆಯಲ್ಲಿ ಒಂದು ಸಣ್ಣ ಪರೀಕ್ಷೆ ಮಾಡಿ. ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟು, ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿಕೊಂಡು, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಎಂದು ಎಣಿಸಿ. ವೈನಿಯವರದು 9 ಆಯಿತು. ಆ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕ ಬರೆಯುವ ಜಾಗದ ಪಕ್ಕದಲ್ಲೇ ಬರೆದಿಡಿ. ತೂಕದ ಯಂತ್ರವನ್ನು ಮಾತ್ರ ಎಂಟು ವಾರ ಮಂಚದ ಕೆಳಗೆ ತಳ್ಳಿಬಿಡಿ. ವ್ಯಾಯಾಮ ಒಂದರಿಂದಲೇ ತೂಕ ಇಳಿಯುವುದು ಬಹಳ ಕಡಿಮೆ; ಕಾಟಾ ನೋಡಿ ಬೇಸತ್ತು ಮೂರನೇ ವಾರಕ್ಕೆ ಬಿಟ್ಟವರನ್ನು ನಾನು ಸಾಕಷ್ಟು ನೋಡಿದ್ದೇನೆ. ಅವರಲ್ಲಿ ನಾನೂ ಒಬ್ಬಳು.

ಜಾಗ, ಬಟ್ಟೆ, ಹೊತ್ತು

ಒಬ್ಬರು ಕೈ ಚಾಚಿ ಮಲಗುವಷ್ಟು ನೆಲ ಸಾಕು. ನಮ್ಮ ಮನೆಗಳ ಶಹಾಬಾದ್ ಪರಸಿ (ಹಾಸುಗಲ್ಲು) ನಿಂತು ಮಾಡುವ ವ್ಯಾಯಾಮಕ್ಕೆ ಒಳ್ಳೆಯ ನೆಲ, ಆದರೆ ಒಣಗಿರಬೇಕು. ನೆಲ ಒರೆಸಿದ ತಕ್ಷಣ ಶುರು ಮಾಡಿದರೆ ಬೀಳುವುದು ಖಂಡಿತ. ಬರಿಗಾಲಿನಲ್ಲಿ ನಿಲ್ಲಿ. ಮಲಗಿ ಮಾಡುವುದಕ್ಕೆ ಒಂದು ಕೌದಿಯನ್ನು ಎರಡು ಮಡಿಕೆ ಮಾಡಿ ಹಾಸಿಕೊಳ್ಳಿ, ಚಾಪೆ ಕೊಳ್ಳುವ ಅಗತ್ಯವಿಲ್ಲ. ಕೌದಿಯ ಮೇಲೆ ನಿಂತು ಮಾತ್ರ ಏನೂ ಮಾಡಬೇಡಿ, ಪರಸಿಯ ಮೇಲೆ ಅದು ಜಾರುತ್ತದೆ. ಪ್ಲಾಸ್ಟಿಕ್ ಕುರ್ಚಿಯೂ ಹಾಗೆಯೇ. ಗೋಡೆಯ ಆಸರೆ ಇಲ್ಲದೆ ಅದನ್ನು ನಂಬಬಾರದು.

ಚೂಡಿದಾರ್ ಅನುಕೂಲ. ಓಢಣಿಯನ್ನು ತೆಗೆದಿಡಿ ಅಥವಾ ಸೊಂಟಕ್ಕೆ ಬಿಗಿಯಿರಿ. ಉದ್ದದ ನೈಟಿಯ ಅಂಚು ಕಾಲಿಗೆ ಸಿಗುತ್ತದೆ, ಅದು ಬೇಡ. ಸೀರೆಯೇ ಉಡುವವರು ಕಚ್ಚೆ ಹಾಕಿಕೊಂಡರೆ ಏನೂ ತೊಡಕಿಲ್ಲ. ಹೊಲದಲ್ಲಿ ಕಳೆ ತೆಗೆಯುವ ಹೆಂಗಸರು ಹಾಗೆಯೇ ಅಲ್ಲವೇ ಕೆಲಸ ಮಾಡುವುದು. ಎದೆಗೆ ಬಿಗಿ ಆಧಾರ ಕೊಡುವ ಒಳಉಡುಪು ಇರಲಿ. ಗಾಜಿನ ಬಳೆಗಳನ್ನು ಮೊಣಕೈಯತ್ತ ಸರಿಸಿ, ತಾಳಿಯನ್ನು ಒಳಗೆ ಹಾಕಿಕೊಳ್ಳಿ.

ಹೊತ್ತಿನ ವಿಷಯದಲ್ಲಿ ನಮ್ಮ ಬಿಸಿಲಿನೊಂದಿಗೆ ವಾದ ಮಾಡಿ ಪ್ರಯೋಜನವಿಲ್ಲ. ಏಪ್ರಿಲ್–ಮೇ ತಿಂಗಳಲ್ಲಿ ಪಾದರಸ 42 ಡಿಗ್ರಿ ಮುಟ್ಟುವುದು ಕಲಬುರಗಿಗೂ ಯಾದಗಿರಿಗೂ ಸುದ್ದಿಯೇ ಅಲ್ಲ. ಎತ್ತರದಲ್ಲಿರುವ ಬೀದರ್ ಸ್ವಲ್ಪ ಪುಣ್ಯ ಮಾಡಿದೆ. ಬೇಸಿಗೆಯಲ್ಲಿ ಇಲ್ಲಿನ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಗಿಯುತ್ತವೆ. ಸರ್ಕಾರವೇ ಹೊತ್ತು ಬದಲಿಸುವಾಗ ನಾವು ಹಟ ಹಿಡಿಯುವುದೇಕೆ? ಬೇಸಿಗೆಯಲ್ಲಿ ಸೂರ್ಯ ಏಳುವ ಮುಂಚೆ ಮುಗಿಸಿ. ಸಂಜೆ ಎಂದರೆ ಹೊಂದುವುದಿಲ್ಲ; ಹಗಲೆಲ್ಲ ಕಾದ ಮಾಳಿಗೆ ಮತ್ತು ಗೋಡೆಗಳು ರಾತ್ರಿ ಒಂಬತ್ತರವರೆಗೂ ಕಾವು ಕಕ್ಕುತ್ತವೆ. ಉಳಿದ ಕಾಲದಲ್ಲಿ ನಿಮಗೆ ಸಿಗುವ ಯಾವ ಹೊತ್ತಾದರೂ ಸರಿ, ಊಟವಾಗಿ ಎರಡು ಗಂಟೆ ಕಳೆದಿರಲಿ.

ಗಡಿಯಾರ ನೋಡಿಕೊಂಡು ಮಾಡುತ್ತೇನೆ ಎಂದುಕೊಂಡರೆ ಒಂದು ವಾರ ನಡೆಯುತ್ತದೆ. ಬದಲಿಗೆ ದಿನವೂ ತಪ್ಪದೆ ನಡೆಯುವ ಯಾವುದಾದರೂ ಕೆಲಸಕ್ಕೆ ಗಂಟು ಹಾಕಿ. ನನ್ನದು ಹಾಲು ಕಾಯಿಸಿ ಇಳಿಸಿದ ಮೇಲೆ, ಚಹಾಕ್ಕೆ ಇಡುವ ಮೊದಲು. ವೈನಿಯವರದು ಮಕ್ಕಳ ಶಾಲೆಯ ಆಟೋ ಹೋದ ಕೂಡಲೇ.

ಆರು ವ್ಯಾಯಾಮಗಳು

ಮೊದಲ ಮೂರು-ನಾಲ್ಕು ನಿಮಿಷ ಮೈ ಬಿಸಿ ಮಾಡಿಕೊಳ್ಳಿ: ನಿಂತಲ್ಲೇ ಮೊಣಕಾಲು ಎತ್ತಿ ನಡೆಯುವುದು, ಭುಜ ತಿರುಗಿಸುವುದು, ಹಿಮ್ಮಡಿ ಎತ್ತಿ ಇಳಿಸುವುದು. ಮೈ ಕಾವೇರಿದರೆ ಸಾಕು, ಬೆವರಬೇಕಿಲ್ಲ. ಎಲ್ಲ ವ್ಯಾಯಾಮಕ್ಕೂ ಅನ್ವಯಿಸುವ ಒಂದು ಮಾತು: ಕಷ್ಟದ ಕಡೆಗೆ ಹೋಗುವಾಗ ಉಸಿರು ಬಿಡಿ, ಹಿಂದಿರುಗುವಾಗ ಎಳೆದುಕೊಳ್ಳಿ. ಉಸಿರು ಕಟ್ಟಬೇಡಿ, ರಕ್ತದೊತ್ತಡ ಇರುವವರಂತೂ ಕಟ್ಟಲೇಬೇಡಿ.

1. ಕುರ್ಚಿ ಬೈಠಕ್. ಕುರ್ಚಿಯ ಅಂಚಿಗೆ ಕುಳಿತು, ಪಾದಗಳನ್ನು ಸೊಂಟದಗಲಕ್ಕೆ ಇಟ್ಟು, ಬೆರಳುಗಳನ್ನು ತುಸು ಹೊರಕ್ಕೆ ತಿರುಗಿಸಿ. ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ, ಹಿಮ್ಮಡಿಯಿಂದ ನೆಲ ಒತ್ತಿ ಎದ್ದು ನಿಲ್ಲಿ. ಕೂರುವಾಗ ಮನಸ್ಸಿನಲ್ಲಿ ಮೂರರವರೆಗೆ ಎಣಿಸುತ್ತಾ ಇಳಿಯಿರಿ. ದೊಪ್ಪನೆ ಕುಕ್ಕರಿಸಿದರೆ ಅರ್ಧ ಲಾಭ ಹೋಯಿತು. ಮೊಣಕಾಲುಗಳು ಒಂದಕ್ಕೊಂದು ತಾಗುವಂತೆ ಒಳಕ್ಕೆ ಬೀಳಬಾರದು. ಏಳಲು ಆಗದಿದ್ದರೆ ಕುರ್ಚಿಯ ಮೇಲೆ ಮಡಿಸಿದ ಚಾದರ ಇಟ್ಟು ಎತ್ತರ ಮಾಡಿಕೊಳ್ಳಿ, ನಾಚಿಕೆ ಏನಿಲ್ಲ. 8 ಸಲ.

2. ಗೋಡೆ ದಂಡ. ಗೋಡೆಗೆ ತೋಳಿನಳತೆ ದೂರ ನಿಂತು, ಅಂಗೈಗಳನ್ನು ಎದೆಯ ಮಟ್ಟದಲ್ಲಿ ಊರಿ, ಮೊಣಕೈ ಮಡಿಸಿ ಎದೆಯನ್ನು ಗೋಡೆಯ ಹತ್ತಿರ ತಂದು ಹಿಂದಕ್ಕೆ ತಳ್ಳಿ. ತಲೆಯಿಂದ ಹಿಮ್ಮಡಿಯವರೆಗೆ ಮೈ ಹಾರೆಯಂತೆ ನೇರ ಇರಲಿ. 8 ಸಲ. ಸುಲಭವಾದಾಗ ಗೋಡೆ ಬಿಟ್ಟು ಅಡುಗೆಕಟ್ಟೆಗೆ ಬನ್ನಿ, ಅದು ಸುಲಭವಾದಾಗ ಮಂಚದ ಅಂಚಿಗೆ. ನೆಲ ಮುಟ್ಟಲು ಅವಸರವಿಲ್ಲ.

3. ಸೊಂಟ ಮಡಿಸಿ ಬಾಗುವುದು. ಸಮಯ ಇಲ್ಲದ ದಿನ ಒಂದೇ ವ್ಯಾಯಾಮ ಮಾಡುತ್ತೀರಾದರೆ ಇದನ್ನು ಮಾಡಿ. ಕೊಡ ಎತ್ತುವುದು, ಮಗುವನ್ನು ಎತ್ತಿಕೊಳ್ಳುವುದು, ಸಿಲಿಂಡರ್ ಸರಿಸುವುದು, ಜೋಳದ ಚೀಲ ಎಳೆಯುವುದು ಎಲ್ಲದರ ಒಳಗೂ ಇದೇ ಅಡಗಿದೆ, ಮತ್ತು ನಮ್ಮಲ್ಲಿ ಬಹುತೇಕರು ಅದನ್ನು ತಪ್ಪಾಗಿ ಮಾಡುತ್ತೇವೆ. ನಾವು ಬೆನ್ನನ್ನು ಬಿಲ್ಲಿನಂತೆ ಬಗ್ಗಿಸುತ್ತೇವೆ. ಬಾಗಬೇಕಾದದ್ದು ತೊಡೆ ಮತ್ತು ಸೊಂಟ ಕೂಡುವ ಕೀಲು.

ಕಲಿಯಲು ಒಂದು ಉದ್ದ ಕೋಲು ತೆಗೆದುಕೊಳ್ಳಿ, ಮಾಪಿನ ಕೋಲಾದರೂ ನಡೆಯುತ್ತದೆ. ಅದನ್ನು ಬೆನ್ನ ಹಿಂದೆ ಉದ್ದಕ್ಕೆ ಹಿಡಿಯಿರಿ: ಒಂದು ಕೈ ಕತ್ತಿನ ಹಿಂದೆ, ಇನ್ನೊಂದು ಸೊಂಟದ ಹಿಂದೆ. ಕೋಲು ಮೂರು ಕಡೆ ತಾಗಬೇಕು: ತಲೆಯ ಹಿಂಭಾಗ, ಬೆನ್ನಿನ ನಡು ಮೇಲ್ಭಾಗ, ಪೃಷ್ಠದ ಮೂಳೆ. ಈಗ ಮೊಣಕಾಲು ತುಸುವೇ ಸಡಿಲ ಬಿಟ್ಟು, ಕೈಯಲ್ಲಿ ತಟ್ಟೆ ಹಿಡಿದವರು ಕುಂಡೆಯಿಂದ ಬಾಗಿಲು ತಳ್ಳುವಂತೆ ಹಿಂದಕ್ಕೆ ತಳ್ಳಿ. ಮೇಲ್ಮೈ ತಾನಾಗಿ ಮುಂದಕ್ಕೆ ವಾಲುತ್ತದೆ. ತೊಡೆಯ ಹಿಂಭಾಗ ಎಳೆದಂತಾದರೆ ಸರಿಯಾಗಿದೆ ಎಂದು ತಿಳಿಯಿರಿ. ಕೋಲು ಎಲ್ಲಿಯಾದರೂ ಮೈಬಿಟ್ಟರೆ ಬೆನ್ನು ಬಾಗಿತು ಎಂದರ್ಥ, ಅಲ್ಲಿಂದಲೇ ವಾಪಸ್ಸಾಗಿ. ಪೃಷ್ಠ ಬಿಗಿದು ನೆಟ್ಟಗೆ ನಿಲ್ಲಿ. 10 ಸಲ.

ಮೊದಲ ಎರಡು ವಾರ ಕೋಲು ಬಿಡಬೇಡಿ. ಮೂರನೇ ವಾರ ಕೋಲು ಇಟ್ಟು, ಎರಡು ಕಿಲೊ ತೊಗರಿಬೇಳೆ ಹಾಕಿದ ಗಟ್ಟಿ ಕೈಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಮಾಡಿ. 2019ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಪಡೆದ ಬೇಳೆ ನಮ್ಮ ಕಲಬುರಗಿಯದು. ಡಂಬೆಲ್ ಕೆಲಸಕ್ಕೂ ಬರಲಿ. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಏರಿಸುತ್ತಾ ಐದು ಕಿಲೊ ಜೋಳ, ಆಮೇಲೆ ಅರ್ಧ ತುಂಬಿದ ಕೊಡ. ಭಾರ ಯಾವಾಗಲೂ ಕಾಲಿಗೆ ಅಂಟಿಕೊಂಡೇ ಇಳಿಯಬೇಕು, ಏರಬೇಕು.

4. ಒಂದು ಕೈ ಎಳೆತ. ಅಜ್ಜಿಯ ಬಾವಿ ಹಗ್ಗಕ್ಕೆ ಬದಲು ಇದು. ಎಡಗೈಯನ್ನು ಕುರ್ಚಿಯ ಮೇಲೆ ಊರಿ, ಈಗ ತಾನೇ ಕಲಿತಂತೆ ಬಾಗಿ, ಬಲಗೈಯಲ್ಲಿ ಬೇಳೆಯ ಚೀಲ ಹಿಡಿದು, ಮೊಣಕೈಯನ್ನು ಸೊಂಟದ ಕಡೆಗೆ ಎಳೆಯಿರಿ. ಭುಜ ಕಿವಿಯತ್ತ ಏರಬಾರದು. ಪ್ರತಿ ಕೈಗೆ 8. ಒಲೆಯ ಮುಂದೆ ಗೂನು ಬಿದ್ದ ಮೇಲ್ಬೆನ್ನಿಗೆ ಇದರಷ್ಟು ಹಿತವಾದುದು ಬೇರೆ ಕಾಣೆ.

5. ಕೌದಿಯ ಮೇಲೆ ಎರಡು. ಮೊದಲು ಅಂಗಾತ ಮಲಗಿ, ಮೊಣಕಾಲು ಮಡಿಸಿ, ಹಿಮ್ಮಡಿ ಒತ್ತಿ ಸೊಂಟ ಮೇಲೆತ್ತಿ ಮೂರು ಎಣಿಸಿ ಇಳಿಸಿ, 10 ಸಲ. ಯೋಗ ಬಲ್ಲವರು ಇದನ್ನು ಸೇತುಬಂಧಾಸನ ಎನ್ನುತ್ತಾರೆ. ಆಮೇಲೆ ಅಂಬೆಗಾಲಿಡುವ ಮಗುವಿನಂತೆ ನಿಂತು, ಬಲಗೈ ಮತ್ತು ಎಡಗಾಲನ್ನು ಒಟ್ಟಿಗೆ ನೇರ ಚಾಚಿ ಐದು ಎಣಿಸಿ, ಮತ್ತೆ ಅದಲು ಬದಲು. ಪ್ರತಿ ಕಡೆಗೆ 5. ಬೆನ್ನ ಮೇಲೆ ನೀರಿನ ತಂಬಿಗೆ ಇಟ್ಟಿದ್ದಾರೆ ಎಂದು ಎಣಿಸಿಕೊಳ್ಳಿ, ಅದು ಚೆಲ್ಲಬಾರದು.

6. ಒಂದು ಕೈ ಹೊರೆ. ಐದು ಲೀಟರಿನ ಖಾಲಿ ಎಣ್ಣೆ ಕ್ಯಾನಿಗೆ ನೀರು ತುಂಬಿದರೆ ಸುಮಾರು ಐದು ಕಿಲೊ. ಒಂದೇ ಕೈಯಲ್ಲಿ ಹಿಡಿದು ಪಡಸಾಲೆಯಲ್ಲಿ ಅತ್ತಿಂದಿತ್ತ 30 ಸೆಕೆಂಡು ನಡೆಯಿರಿ, ಮೈ ಯಾವ ಕಡೆಗೂ ವಾಲದಂತೆ. ಕೈ ಬದಲಿಸಿ ಇನ್ನೊಮ್ಮೆ.

ಇಷ್ಟಾದರೆ ಒಂದು ಸುತ್ತು. ಒಂದು ವ್ಯಾಯಾಮ ಮುಗಿದು ಇನ್ನೊಂದಕ್ಕೆ ಹೋಗುವ ಮುಂಚೆ ಒಂದು ನಿಮಿಷ ಸುಮ್ಮನೆ ನಿಲ್ಲಿ. ಆ ನಿಮಿಷದಲ್ಲಿ ಪಾತ್ರೆ ತೊಳೆಯಲು ಹೋಗಬೇಡಿ, ನಿಮಗೆ ಹೋಗಬೇಕೆನಿಸುತ್ತದೆ ಎಂದು ನನಗೆ ಗೊತ್ತು.

ವಾರದಿಂದ ವಾರಕ್ಕೆ

ಸೋಮವಾರ, ಬುಧವಾರ, ಶುಕ್ರವಾರ ಇಟ್ಟುಕೊಳ್ಳಿ. ನಡುವೆ ಒಂದು ದಿನ ಬಿಡುವು ಬೇಕೇ ಬೇಕು, ಸ್ನಾಯು ಕಟ್ಟಿಕೊಳ್ಳುವುದು ಆ ಬಿಡುವಿನಲ್ಲಿ. ಮೊದಲ ಎರಡು ವಾರ ಒಂದೇ ಸುತ್ತು. "ಇಷ್ಟೇನಾ?" ಎನಿಸುತ್ತದೆ, ಎನಿಸಲಿ. ಮೊದಲ ದಿನವೇ ಮೂರು ಸುತ್ತು ಹೊಡೆದವರು ಮೂರನೇ ದಿನ ಶೌಚಾಲಯದಲ್ಲಿ ಕೂರಲೂ ಆಗದೆ ಗೋಡೆ ಹಿಡಿಯುತ್ತಾರೆ. ಮೂರು ಮತ್ತು ನಾಲ್ಕನೇ ವಾರ ಎರಡು ಸುತ್ತು. ಐದನೇ ವಾರದಿಂದ, ಯಾವ ವ್ಯಾಯಾಮವನ್ನು ಎರಡೂ ಸುತ್ತಿನಲ್ಲಿ 12 ಸಲ ಸಲೀಸಾಗಿ ಮಾಡುತ್ತೀರೋ ಅದಕ್ಕೆ ಮಾತ್ರ ಭಾರ ಸೇರಿಸಿ ಮತ್ತೆ 8ಕ್ಕೆ ಇಳಿಯಿರಿ. ಒಂದು ಸಲಕ್ಕೆ ಅರ್ಧ ಕಿಲೊ, ಒಂದು ಕಿಲೊ ಸಾಕು. ಮುಗಿಸಿದಾಗ ಇನ್ನೆರಡು ಸಲ ಮಾಡಬಹುದಿತ್ತು ಎನಿಸಬೇಕು. ಅಷ್ಟು ಬಾಕಿ ಉಳಿಸಿಕೊಳ್ಳುವುದೇ ಲೆಕ್ಕ.

ಬಿಡುವಿನ ದಿನಗಳಲ್ಲಿ ನಡಿಗೆ. ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಬಿರುಸಿನ ಚಟುವಟಿಕೆ, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ನೂರೈವತ್ತು ಎಂದು ಗಾಬರಿಯಾಗಬೇಡಿ, ಹತ್ತು ಹತ್ತು ನಿಮಿಷದ ತುಂಡುಗಳೂ ಲೆಕ್ಕಕ್ಕೆ ಬರುತ್ತವೆ. ನಡೆಯುವಾಗ ಮಾತಾಡಲು ಆಗಬೇಕು, ಸೋಬಾನ ಪದ ಹಾಡಲು ಆಗಬಾರದು. ಅದೇ ಸರಿಯಾದ ಬಿರುಸು. ಪಬ್ಲಿಕ್ ಗಾರ್ಡನ್ನಿಗೋ ಅಪ್ಪನ ಕೆರೆಯ ದಂಡೆಗೋ ಹೋಗಲು ಆಗುವವರು ಹೋಗಿ. ಬೆಳಗಿನ ಜಾವ ಒಬ್ಬರೇ ಹೊರಬೀಳುವುದು ಎಲ್ಲ ಓಣಿಗಳಲ್ಲೂ ಸಾಧ್ಯವಿಲ್ಲ ಎಂಬುದು ನನಗೂ ಗೊತ್ತು. ಮಾಳಿಗೆಯ ಮೇಲೆ ಸುತ್ತು ಹಾಕಿದರೂ ಕಾಲಿಗೆ ಅದೇ ನಡಿಗೆ.

ಎಳ್ಳ ಅಮಾವಾಸ್ಯೆ ಬರುತ್ತದೆ, ಬಜ್ಜಿ ಕಡುಬಿನ ಸಂಭ್ರಮದಲ್ಲಿ ವಾರ ಹಾರಿಹೋಗುತ್ತದೆ. ಶರಣಬಸವೇಶ್ವರ ಜಾತ್ರೆಗೆ ನೆಂಟರು ಬಂದು ತುಂಬಿಕೊಳ್ಳುತ್ತಾರೆ, ಮದುವೆ, ಸೀಮಂತ ಇರುತ್ತವೆ. ಒಂದು ವಾರ ತಪ್ಪಿದರೆ ಬಿಟ್ಟಲ್ಲಿಂದಲೇ ಹಿಡಿಯಿರಿ. ಎರಡು ಮೂರು ವಾರ ತಪ್ಪಿದರೆ ಒಂದು ಹೆಜ್ಜೆ ಹಿಂದಿನ ಭಾರದಿಂದ ಶುರು ಮಾಡಿ. ತಪ್ಪಿದ್ದನ್ನು ತುಂಬಿಸಲು ಒಂದೇ ದಿನ ದುಪ್ಪಟ್ಟು ಮಾಡುವುದು ಮೂರ್ಖತನ.

ಯಾವ ನೋವಿಗೆ ನಿಲ್ಲಬೇಕು

ಮರುದಿನ, ಅದರ ಮರುದಿನ ತೊಡೆ, ತೋಳು ಮಂದವಾಗಿ ನೋಯುವುದು ಸಹಜ. ಎರಡು ಮೂರು ದಿನಕ್ಕೆ ಅದು ತಾನೇ ಹೋಗುತ್ತದೆ, ತುಸು ನಡೆದಾಡಿದರೆ ಬೇಗ ಹೋಗುತ್ತದೆ. ಕೀಲಿನ ಒಳಗೆ ಚುಚ್ಚಿದಂತೆ ನೋವು, ಕಾಲಿಗೆ ಜೋಮು ಹಿಡಿದು ಇಳಿಯುವ ಸೊಂಟ ನೋವು, ಊದಿಕೊಳ್ಳುವ ಮೊಣಕಾಲು ಬೇರೆ ಜಾತಿ. ಆ ವ್ಯಾಯಾಮ ಬಿಟ್ಟು ವೈದ್ಯರ ಬಳಿ ಹೋಗಿ. ಎದೆ ಹಿಂಡಿದಂತಾದರೆ, ತಣ್ಣನೆ ಬೆವರು ಬಂದರೆ, ಎಡತೋಳಿಗೋ ದವಡೆಗೋ ನೋವು ಹರಿದರೆ "ಗ್ಯಾಸ್ ಆಗಿದೆ" ಎಂದು ಸೋಡಾ ಕುಡಿಯುತ್ತಾ ಕೂರದೆ ಕೂಡಲೇ ಆಸ್ಪತ್ರೆಗೆ.

ಇನ್ನೊಂದು ವಿಷಯವನ್ನು ನಾವು ಅಕ್ಕತಂಗಿಯರ ನಡುವೆಯೂ ಬಾಯಿ ಬಿಟ್ಟು ಹೇಳುವುದಿಲ್ಲ. ಕೆಮ್ಮಿದಾಗ, ನಕ್ಕಾಗ, ಭಾರ ಎತ್ತಿದಾಗ ನಾಲ್ಕು ಹನಿ ಮೂತ್ರ ಸೋರುವುದು. ಹೆರಿಗೆಯಾದ ಹೆಂಗಸರಲ್ಲಿ ಇದು ಬಹಳ ಸಾಮಾನ್ಯ, ಹಾಗೆಂದು ಜೀವನವಿಡೀ ಸಹಿಸಿಕೊಂಡಿರಬೇಕಾದದ್ದಲ್ಲ. ಸೊಂಟದ ತಳದ ಸ್ನಾಯುಗಳು ಸಡಿಲವಾಗಿರುವುದು ಕಾರಣ, ಅವಕ್ಕೂ ತಾಲೀಮು ಇದೆ. ಮೂತ್ರವನ್ನು ತಡೆಹಿಡಿಯುವಂತೆ ಒಳಗಿನ ಸ್ನಾಯುವನ್ನು ಬಿಗಿದು ಮೇಲಕ್ಕೆ ಎಳೆದು ಐದು ಎಣಿಸಿ, ಪೂರ್ತಿ ಸಡಿಲಿಸಿ ಐದು ಎಣಿಸಿ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಹೊಟ್ಟೆ, ತೊಡೆ ಬಿಗಿಯಬಾರದು. ರೊಟ್ಟಿ ಬೇಯುವ ಹೊತ್ತಿನಲ್ಲಿ ಮಾಡಿದರೂ ಪಕ್ಕದವರಿಗೆ ಗೊತ್ತಾಗುವುದಿಲ್ಲ. ಫಲ ಕಾಣಲು ಮೂರು ತಿಂಗಳಾದರೂ ಬೇಕು. ಅಲ್ಲಿಯವರೆಗೆ ಜಿಗಿಯುವ ವ್ಯಾಯಾಮಗಳ ಕಡೆ ಹೋಗಬೇಡಿ. ಮೊಬೈಲಿನಲ್ಲಿ ಬರುವ ಜಿಗಿದಾಟದ ವಿಡಿಯೊಗಳು ನಮ್ಮ ಮೊಣಕಾಲನ್ನು ನೋಡಿ ಮಾಡಿದವಲ್ಲ. ಕೆಳಗೆ ಏನೋ ಜಾರಿದಂತೆ ಎನಿಸುವವರು ಸ್ತ್ರೀರೋಗ ತಜ್ಞರಿಗೆ ಮೊದಲು ತೋರಿಸಿ.

ಮುಟ್ಟಿನ ದಿನಗಳಲ್ಲಿ ಮಾಡಬಾರದು ಎಂಬ ನಿಯಮವೇನೂ ಇಲ್ಲ. ಮೈ ಬಂದರೆ ಮಾಡಿ, ಬಾರದಿದ್ದರೆ ಮಲಗಿ.

ತಟ್ಟೆಯಲ್ಲಿ ಏನಿರಬೇಕು

ಜೋಳದ ರೊಟ್ಟಿಯನ್ನು ಬಿಟ್ಟು ಓಟ್ಸ್ ತಿನ್ನಿ ಎಂದು ನಾನು ಹೇಳುವುದಿಲ್ಲ. ನಮ್ಮ ತಟ್ಟೆಯಲ್ಲಿ ಎಲ್ಲವೂ ಇದೆ, ನಮ್ಮ ಪಾಲಿಗೆ ಬರುವಾಗ ಮಾತ್ರ ಖಾಲಿಯಾಗಿರುತ್ತದೆ. ಗಂಡ, ಮಕ್ಕಳು, ಅತ್ತೆ, ಮಾವ ಉಂಡ ಮೇಲೆ ಪಾತ್ರೆಯ ತಳದ ತಿಳಿ ಬೇಳೆ, ಎರಡು ರೊಟ್ಟಿ, ಒಂದು ಮೆಣಸಿನಕಾಯಿ ಉಣ್ಣುವವಳಿಗೆ ಸ್ನಾಯು ಎಲ್ಲಿಂದ ಬರಬೇಕು?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ದೇಹದ ಪ್ರತಿ ಕಿಲೊಗೆ 0.83 ಗ್ರಾಂ ಪ್ರೋಟೀನ್ ಬೇಕು. ಅಂದರೆ 55 ಕಿಲೊ ತೂಗುವವರಿಗೆ ದಿನಕ್ಕೆ 45 ಗ್ರಾಂ ಚಿಲ್ಲರೆ. ಲೆಕ್ಕ ಹಾಕೋಣ: ನಾಲ್ಕು ರೊಟ್ಟಿಯ 200 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 20 ಗ್ರಾಂ, 50 ಗ್ರಾಂ ತೊಗರಿಬೇಳೆಯಲ್ಲಿ 11, ಒಂದು ಹಿಡಿ ಶೇಂಗಾದಲ್ಲಿ ಅಥವಾ ಅಷ್ಟೇ ಶೇಂಗಾ ಹಿಂಡಿಯಲ್ಲಿ (ಚಟ್ನಿಪುಡಿ) 7, ಒಂದು ಲೋಟ ಹಾಲಿನಲ್ಲಿ 6. ತಿನ್ನುವವರಿಗೆ ಒಂದು ಮೊಟ್ಟೆಯಲ್ಲಿ ಇನ್ನೊಂದು 6. ಅಂಗಡಿಯ ಪುಡಿ ಡಬ್ಬಿ ಎಲ್ಲೂ ಬೇಕಾಗಲಿಲ್ಲ ನೋಡಿ. ಬೇಕಾಗಿರುವುದು ಅಡುಗೆಯಾದ ಕೂಡಲೇ ನಿಮ್ಮ ಪಾಲಿನ ಗಟ್ಟಿ ಬೇಳೆಯನ್ನು ಒಂದು ಬಟ್ಟಲಲ್ಲಿ ತೆಗೆದಿಟ್ಟುಕೊಳ್ಳುವ ಧೈರ್ಯ. ಪಲ್ಯದ ಮೇಲೆ ಲಿಂಬೆ ಹಿಂಡಿಕೊಳ್ಳಿ, ಕಬ್ಬಿಣಾಂಶ ಮೈಗೆ ಹತ್ತುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಅದೇ ಕಬ್ಬಿಣಾಂಶ ಹತ್ತದೆ ಹೋಗುತ್ತದೆ, ಒಂದು ಗಂಟೆ ತಡೆಯಿರಿ.

ಬೇಸಿಗೆಯಲ್ಲಿ ವ್ಯಾಯಾಮಕ್ಕೆ ಮುಂಚೆ ಒಂದು ಲೋಟ ನೀರು, ಆಮೇಲೆ ಮಜ್ಜಿಗೆ ಅಥವಾ ಜೋಳದ ಅಂಬಲಿ. ತಲೆ ನೋವು, ವಾಕರಿಕೆ, ಕಣ್ಣು ಕತ್ತಲೆ ಬಂದರೆ ಅಲ್ಲಿಗೇ ನಿಲ್ಲಿಸಿ, ನೆರಳಿನಲ್ಲಿ ಮಲಗಿ, ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಳ್ಳಿ. ಮಾತು ತೊದಲಿದರೆ, ಮೈ ಸುಡುತ್ತಿದ್ದು ಅರಿವು ತಪ್ಪುವಂತಾದರೆ ಅದು ಬಿಸಿಲಾಘಾತ. ಮನೆಯವರು 108ಕ್ಕೆ ಕರೆ ಮಾಡಬೇಕು.

ಮನೆಯವರು

ಇದಕ್ಕೆ ಹಂತ ಹಂತದ ವಿವರಣೆ ನನ್ನಲ್ಲಿಲ್ಲ. ಮೊದಲ ವಾರ ಮಕ್ಕಳು ನಗುತ್ತಾರೆ, ಎರಡನೇ ವಾರ ಬೆನ್ನ ಮೇಲೆ ಹತ್ತುತ್ತಾರೆ. "ಈ ವಯಸ್ಸಿನಲ್ಲಿ ಇದೇನು ಕುಣಿತ?" ಎನ್ನುವ ಅತ್ತೆ ಎಲ್ಲ ಮನೆಯಲ್ಲೂ ಒಬ್ಬರಿರುತ್ತಾರೆ. ನಮ್ಮತ್ತೆಗೆ ಮೊಣಕಾಲು ನೋವಿತ್ತು. ವಾದ ಮಾಡುವ ಬದಲು "ಅತ್ತೆ, ನೀವೂ ಪಕ್ಕದ ಕುರ್ಚಿಯಲ್ಲಿ ಕುಳಿತು ಕಾಲು ನೀಡಿ ಮಡಿಸಿ ನೋಡಿ" ಎಂದೆ. ಈಗ ನಾನು ತಡ ಮಾಡಿದರೆ ಅವರೇ ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟು ಕೂಗುತ್ತಾರೆ. ಎಲ್ಲರ ಮನೆಯಲ್ಲೂ ಹೀಗೆಯೇ ಆಗುತ್ತದೆ ಎಂದು ಹೇಳಲಾರೆ. ಓಣಿಯಲ್ಲಿ ಇನ್ನೊಬ್ಬರು ಜೊತೆಯಾದರೆ ಬಿಡುವ ನೆಪಗಳು ಅರ್ಧ ಕಡಿಮೆಯಾಗುತ್ತವೆ ಎಂಬುದು ಮಾತ್ರ ಖಾತ್ರಿ.

ಎಂಟು ವಾರವಾದ ಮೇಲೆ ಅದೇ ಕುರ್ಚಿ, ಅದೇ 30 ಸೆಕೆಂಡು, ಮತ್ತೆ ಎಣಿಸಿ. ಕುರ್ಚಿ ಬದಲಾಗಬಾರದು, ಎತ್ತರ ಒಂದಿಂಚು ವ್ಯತ್ಯಾಸವಾದರೂ ಲೆಕ್ಕ ಸುಳ್ಳಾಗುತ್ತದೆ. ವೈನಿಯವರದು 14 ಬಂತು. ಅವರು ನಂಬಲಿಲ್ಲ. "ನೀವು ಎಣಿಸುವಾಗ ಒಂದೆರಡು ಹಾರಿಸಿದಿರಿ" ಎಂದು ಮಗಳನ್ನು ಕರೆದು ಮತ್ತೊಮ್ಮೆ ಎಣಿಸಿದರು. ಆಗ 13 ಬಂತು. ಕ್ಯಾಲೆಂಡರಿನಲ್ಲಿ ಹದಿಮೂರೇ ಬರೆದರು, ಅದರ ಕೆಳಗೆ ಮುಂದಿನ ಸಿಲಿಂಡರ್ ಬುಕ್ ಮಾಡಬೇಕಾದ ತಾರೀಖು.